ಮೈಕ್ ಯಶವಂತ ಹಲ್ಲು ಕ್ಲೀನ್ ಮಾಡಿಸಿಕೊಂಡದ್ದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತಮುತ್ತ ಎಲ್ಲೇ ವಾಲಿಬಾಲ್ ನೆಟ್ ಕಟ್ಟಲಿ, ಪಕ್ಕದಲ್ಲೊಂದು ಮೇಜು, ಮೇಜಿನ ಮೇಲೊಂದು ಮೈಕು, ಮೈಕಿನ ಹಿಂದೆ ಕಮ್ಮರಡಿಯ ಯಶವಂತ ಇರಲೇಬೇಕು. ಅವನಿಲ್ಲದಿದ್ದರೆ ಅದು ಪಂದ್ಯವೇ ಅಲ್ಲ, ನಾಲ್ಕು ಜನ ಹೊತ್ತು ಹೋಗಲೆಂದು ಚೆಂಡು ಎಸೆದಾಡಿದ ಹಾಗೆ. ಅವನಿದ್ದರೆ ನೋಡಿ! ಭಂಡಿಗಡಿಯ ಉದ್ದನೆಯ ಹುಡುಗ ನೆಟ್ಟಿನ ಹತ್ತಿರ ಹಾರಿದರೆ ಯಶವಂತನ ಬಾಯಲ್ಲಿ ಅವನು ‘ಭಂಡಿಗಡಿಯ ದೋಟಿ’. ಅಡಿಕೆ ಕೊನೆ ಕೊಯ್ಯುವ ಆ ಉದ್ದ ಕೋಲು ಎಲ್ಲರ ಮನೆಯಲ್ಲೂ ಇರುವುದರಿಂದ ಹೆಂಗಸರೂ ನಗುತ್ತಾರೆ, ಮುದುಕರೂ ನಗುತ್ತಾರೆ. ಚೆಂಡು ಎಲ್ಲಿ ಬಿತ್ತು ಎಂದು ಕಣ್ಣಿಗೆ ಕಾಣದಷ್ಟು ಹಿಂದೆ ನಿಂತವರಿಗೂ ಅವನ ಮಾತಿನಲ್ಲಿ ಅದು ಬಿದ್ದ ಜಾಗ ಕಾಣುತ್ತದೆ.

ಹೊಟ್ಟೆಪಾಡಿಗೆ ಅವನದು ಬಸ್ ನಿಲ್ಲುವ ಜಾಗದ ಎದುರು ಒಂದು ರಿಪೇರಿ ಅಂಗಡಿ. ತೋಟಕ್ಕೆ ಔಷಧಿ ಹೊಡೆಯುವ ಪಂಪು, ಕಳೆ ಕತ್ತರಿಸುವ ಮೆಷಿನ್ನು, ಮನೆಯ ಮಿಕ್ಸಿ, ಯಾವುದು ಕೆಟ್ಟರೂ ಅವನ ಕೈಗೆ ಬರಬೇಕು. ಮೈಕಿಗೆ ಅವನು ಬಂದದ್ದು ಆಕಸ್ಮಿಕ. ಇಪ್ಪತ್ತರ ಹರೆಯದಲ್ಲಿ ಊರಿನ ಕಬಡ್ಡಿ ನೋಡಲು ಹೋಗಿದ್ದ. ದಾರಿಗಡ್ಡ ನಿಲ್ಲಿಸಿದ ಬೈಕು ಯಾರದು, ದಯವಿಟ್ಟು ತೆಗೆಯಿರಿ ಎಂದು ಹೇಳಲಿಕ್ಕೆ ಯಾರೋ ಅವನ ಕೈಗೆ ಮೈಕ್ ಕೊಟ್ಟರು. ಅಷ್ಟರಲ್ಲಿ ಪಂದ್ಯ ಶುರುವಾಯಿತು. ಬೈಕಿನ ವಿಷಯ ಹೇಳಿದವನು ಹಾಗೇ ಮುಂದುವರಿದು ರೈಡಿಗೆ ಬಂದವನ ವಿಷಯ ಹೇಳಿದ, ಹಿಡಿದವನ ವಿಷಯ ಹೇಳಿದ, ಮೈಕು ಕೆಳಗಿಡುವಾಗ ಗೆದ್ದವರಿಗೆ ಕಪ್ಪು ಕೊಟ್ಟು ಮುಗಿದಿತ್ತು. ಈಗ ಅವನಿಗೆ ಐವತ್ತರ ಹತ್ತಿರ.

ಇಷ್ಟೆಲ್ಲ ಹೆಸರಿದ್ದರೂ ಒಂದು ಆಸೆ ಅವನ ಗಂಟಲಲ್ಲೇ ಉಳಿದಿತ್ತು. ಕೊಪ್ಪದಲ್ಲಿ ಬೇಸಿಗೆಗೆ ನಡೆಯುವ ದೊಡ್ಡ ವಾಲಿಬಾಲ್ ಕಪ್ಪಿಗೆ ಮಾತ್ರ ಪ್ರತಿ ವರ್ಷ ಹೊರಗಿನಿಂದ, ಕೋಟು ಹಾಕಿಕೊಂಡ ಒಬ್ಬರನ್ನು ಕರೆಸುತ್ತಿದ್ದರು. ಅವರು ಆಟಗಾರರ ಹೆಸರನ್ನು ಚೀಟಿ ನೋಡಿ ಓದುತ್ತಿದ್ದರು, ಭಂಡಿಗಡಿ ಯಾವ ದಿಕ್ಕಿಗಿದೆ ಎಂದೂ ಅವರಿಗೆ ಗೊತ್ತಿರಲಿಲ್ಲ. ಯಶವಂತ ಜನರ ನಡುವೆ ನಿಂತು ಹಲ್ಲು ಕಡಿಯುತ್ತಿದ್ದ. ಈ ವರ್ಷ ಸಮಿತಿಯ ಅಧ್ಯಕ್ಷ ಸೀತಾರಾಮಯ್ಯ, ತೋಟ ತುಂಬ ಇರುವ ದೊಡ್ಡ ಮನುಷ್ಯರು, ಕಾರು ನಿಲ್ಲಿಸಿ ಅವನ ಅಂಗಡಿಗೇ ಬಂದು ಕಪ್ಪಿನ ಮೈಕು ನಿನ್ನದೇ ಎಂದು ಹೇಳಿ ಹೋದರು. ಆ ದಿನ ಯಶವಂತ ಯಾರದೋ ಮಿಕ್ಸಿಗೆ ಇನ್ಯಾರದೋ ಮುಚ್ಚಳ ಹಾಕಿ ಕಳಿಸಿದ.

ಆದರೆ ಹಾಳಾದ್ದು, ಅದೇ ಸಮಯಕ್ಕೆ ಬಾಯಿ ಕೈಕೊಟ್ಟಿತು. ಯಶವಂತನ ಕೆಲಸದ ರೀತಿ ಎಂದರೆ ಎಡ ಕೆನ್ನೆಯಲ್ಲಿ ಒಂದು ಕವಳ ಇರಬೇಕು. ಎಲೆ, ಅಡಿಕೆ, ಸುಣ್ಣ ಒಳಗೆ ಹೋದ ಮೇಲೇ ಮಾತು ಹೊರಗೆ ಬರುವುದು ಎಂದು ಅವನು ನಂಬಿದ್ದ. ವರ್ಷಗಟ್ಟಲೆ ಹಾಗೆ ನಡೆದು ಹಲ್ಲಿನ ಬುಡಕ್ಕೆ ಕಪ್ಪು ಕಂದು ಪಾಚಿ ಕಲ್ಲಿನಂತೆ ಕೂತಿತ್ತು. ಒಂದು ದಿನ ಮೈಕಿನ ಸ್ಪಂಜಿನ ಮೇಲೆ ಕೆಂಪು ಚುಕ್ಕೆಗಳು ಕಂಡವು. ನೋಡಿದವರು ಕವಳದ ರಸ ಎಂದುಕೊಂಡರು. ಕವಳವನ್ನೇ ಹಾಕಿರಲಿಲ್ಲ ಎಂಬುದು ಅವನೊಬ್ಬನಿಗೇ ಗೊತ್ತು. ನಾಲಿಗೆಯಲ್ಲಿ ಒತ್ತಿದರೆ ಕೆಳಗಿನ ಮುಂದಿನ ಹಲ್ಲೊಂದು ಅಲ್ಲಾಡಿತು.

ಹೆಂಡತಿ ದೇವಕಿ ಡಾಕ್ಟರಿಗೆ ತೋರಿಸಿ ಎಂದು ದಿನವೂ ಹೇಳಿದಳು. ಅವನು ದಿನವೂ ಕಿವುಡನಾದ. ಅವನ ಅಪ್ಪ ಸುಬ್ಬಪ್ಪ ಒಂದು ಹಲ್ಲು ನೋವೆಂದು ಹೋದವರು ಒಂದೊಂದೇ ಕೀಳಿಸುತ್ತ ಕೀಳಿಸುತ್ತ ಕಡೆಗೆ ಬೋಳು ಬಾಯಲ್ಲಿ ಉಳಿದಿದ್ದರು. ಅಪ್ಪನ ಮಾತು ಮನೆಯವರಿಗೇ ಅರ್ಥವಾಗುತ್ತಿರಲಿಲ್ಲ. ಹಲ್ಲಿನ ಡಾಕ್ಟರ ಬಾಗಿಲು ಎಂದರೆ ಯಶವಂತನಿಗೆ ಹಲ್ಲು ಕೊಟ್ಟು ಬರುವ ಬಾಗಿಲು. ಮುಂದಿನ ಹಲ್ಲು ಹೋದರೆ ಕಪ್ಪಿನ ಮೈಕೂ ಹೋದಂತೆ, ಮತ್ತೆ ಆ ಕೋಟಿನವರು ಬಂದು ಕೂರುತ್ತಾರೆ. ಇಷ್ಟು ವರ್ಷ ಕಾದು ಹೀಗಾಯಿತಲ್ಲ ಎಂದು ಅವನಿಗೆ ಅಳುವೇ ಬರುವಂತಾಯಿತು.

ಸ್ಪೇರ್ ಪಾರ್ಟ್ ತರಲು ಕೊಪ್ಪಕ್ಕೆ ಹೋದಾಗ ಆ ಬೋರ್ಡು ಕಂಡದ್ದು. ಮೇಲಿನ ಮಹಡಿಯಲ್ಲಿ ಹೊಸ ದಂತ ಚಿಕಿತ್ಸಾಲಯ, ಮೆಟ್ಟಿಲ ಬುಡದಲ್ಲಿ ಬರಹ: ‘ಹಲ್ಲು ಕ್ಲೀನಿಂಗಿಗೆ ಹೈಜೀನಿಸ್ಟ್ ಅವರನ್ನು ನೇರವಾಗಿ ಕಾಣಬಹುದು’. ಯಶವಂತ ಎರಡು ಸಲ ಓದಿದ. ಬೇರೆ ಕಡೆಯೆಲ್ಲ ಮೊದಲು ಡಾಕ್ಟರು ನೋಡಬೇಕು, ಅವರು ಬರೆದುಕೊಟ್ಟ ಮೇಲೆ ಕ್ಲೀನಿಂಗು. ಇಲ್ಲಿ ಡಾಕ್ಟರ ಮುಖವನ್ನೇ ನೋಡದೆ ಕೆಲಸ ಮುಗಿಸಿಕೊಂಡು ಬರಬಹುದು! ಸ್ಪೇರ್ ಪಾರ್ಟ್ ಮರೆತು ಮೆಟ್ಟಿಲು ಹತ್ತಿದ.

ಹೈಜೀನಿಸ್ಟ್ ಅನಿತಾ ಬಾಳೆಹೊನ್ನೂರಿನ ಕಡೆಯವಳು. ಹಲ್ಲಿನ ಪಾಚಿ ತೆಗೆಯುವುದು, ವಸಡು ನೋಡಿಕೊಳ್ಳುವುದು, ಇದನ್ನೇ ಓದಿ ಬಂದವಳು. ಮುಂದಿನ ಕೋಣೆ ಅವಳದು, ಒಳಗಿನ ಬಾಗಿಲಾಚೆ ಡಾಕ್ಟರು. ಯಶವಂತ ಆ ಬಾಗಿಲಿಗೆ ಬೆನ್ನು ಹಾಕಿ ನಿಂತೇ ಕರಾರು ಹೇಳಿದ.

“ನೋಡು ತಂಗಿ, ಪಾಚಿ ಎಷ್ಟು ಬೇಕಾದ್ರೂ ತೆಗಿ. ಆ ಬಾಗಿಲು ಮಾತ್ರ ತೆಗೀಬೇಡ.”

“ನಾನು ಹಲ್ಲು ಕೀಳೋದಿಲ್ಲ ಅಣ್ಣ,” ಎಂದಳು ಅನಿತಾ. “ಆದ್ರೆ ಡಾಕ್ಟರ್ ನೋಡ್ಬೇಕಾದ್ದು ಎಂತಾದ್ರೂ ಕಂಡ್ರೆ ಮುಚ್ಚಿಡೋದೂ ಇಲ್ಲ, ನಿಮ್ಗೆ ಹೇಳ್ತೀನಿ. ಹೋಗೋದು ಬಿಡೋದು ನಿಮ್ಮಿಷ್ಟ.”

ಈ ಮಾತು ಅವನಿಗೆ ಹಿಡಿಸಿತು. ಕುರ್ಚಿಯಲ್ಲಿ ಒರಗಿದ. ಅಯ್ಯೋ, ಆಮೇಲಿನ ಅವನ ಪಾಡು ಹೇಳಬಾರದು. ಜನ್ಮದಲ್ಲಿ ಒಬ್ಬರಿಗೂ ಪೂರ್ತಿ ಮಾತಾಡಲು ಬಿಡದ ಮನುಷ್ಯ ಬಾಯಿ ತೆರೆದುಕೊಂಡು ಸುಮ್ಮನೆ ಮಲಗಬೇಕಾಯಿತು. ಸಣ್ಣ ಮೆಷಿನ್ನು ಕುಂಯ್ಯೆಂದು ನೀರು ಚಿಮ್ಮಿಸುತ್ತಿತ್ತು, ಅವಳು ಕೇಳುತ್ತಿದ್ದಳು, ಅವನು ಆ ಆ ಎನ್ನುತ್ತಿದ್ದ. ಅನಿತಾ ಪಾಚಿಯ ಚೂರುಗಳನ್ನು ತೆಗೆದು ತೆಗೆದು ಹತ್ತಿಯ ಮೇಲಿಟ್ಟು ತೋರಿಸಿದಳು. ಇಷ್ಟೂ ನನ್ನ ಬಾಯಲ್ಲಿತ್ತಾ ಎಂದು ಅವನು ಕಣ್ಣರಳಿಸಿದ. ರಿಪೇರಿಯವನಲ್ಲವೇ, ಆ ಮೆಷಿನ್ನಿನ ಒಳಗೇನಿದೆ ಎಂಬ ಯೋಚನೆಯಲ್ಲಿ ನೋವೂ ಅರ್ಧ ಮರೆತುಹೋಯಿತು.

ಮುಗಿದ ಮೇಲೆ ಅವಳು ಎರಡು ವಿಷಯ ಹೇಳಿದಳು. ಪಾಚಿ ತುಂಬಿದ್ದ ಕಡೆ ಈಗ ಸಂದಿ ಕಾಣುತ್ತದೆ, ಕೆಲವು ದಿನ ಅಲ್ಲಿ ಗಾಳಿ ಹೋದ ಹಾಗೆ ಆಗಬಹುದು. ವಸಡು ಮಾಯುವ ತನಕ ಕವಳ ಬೇಡ, ಆಮೇಲೂ ಬಿಟ್ಟರೆ ಒಳ್ಳೆಯದು. ಅಲ್ಲಾಡುವ ಹಲ್ಲನ್ನು ಡಾಕ್ಟರು ಒಮ್ಮೆ ನೋಡಿದರೆ ಚೆನ್ನ ಎಂದು ಮೂರನೆಯದನ್ನೂ ಸೇರಿಸಿದಳು. ಮೊದಲೆರಡು ಮಾತಿಗೆ ತಲೆಯಾಡಿಸಿದ ಯಶವಂತ ಮೂರನೆಯದಕ್ಕೆ ಚಪ್ಪಲಿ ಮೆಟ್ಟಿಕೊಂಡು ಇಳಿದುಬಿಟ್ಟ.

ಬೀದಿಗೆ ಬಂದವನ ಖುಷಿಯನ್ನು ಏನೆಂದು ಹೇಳಲಿ! ಬಾಯಿ ಗುಡಿಸಿ ಸಾರಿಸಿದ ಜಗಲಿಯ ಹಾಗಿತ್ತು. ನಾಲಿಗೆ ಹಲ್ಲಿನ ಹಿಂದೆ ಓಡಾಡಿದ್ದೇ ಓಡಾಡಿದ್ದು. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಬಾಯಿ ತೆರೆದು ತೋರಿಸಿದ. ಡಾಕ್ಟರು ಬೇಡ ಮಾರಾಯ್ರೆ, ಸೀದಾ ಹೋಗಿ, ಸೀದಾ ಬನ್ನಿ ಎಂದು ಕಮ್ಮರಡಿ ಬರುವ ತನಕ ಪ್ರಚಾರ ಮಾಡಿದ. ಎರಡು ಮೂರು ದಿನದಲ್ಲಿ ರಕ್ತವೂ ನಿಂತಿತು. ಸಣ್ಣಗೆ ಗಾಳಿ ಹೋಗುತ್ತಿತ್ತು, ನಿಜ. ಅಂಗಡಿಯ ಸದ್ದಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ, ಅವನ ಕಿವಿಗೂ ಬೀಳಲಿಲ್ಲ.

ಕಪ್ಪು ಶುರುವಾಗುವ ಭಾನುವಾರ ಬಂತು. ಕೊಪ್ಪದ ಮೈದಾನದ ತುಂಬ ಜನ, ಶಾಮಿಯಾನ, ನಾಲ್ಕು ದಿಕ್ಕಿಗೂ ದೊಡ್ಡ ಸ್ಪೀಕರು. ಆ ದಿನ ಸೆಮಿಫೈನಲ್ ತನಕ, ಮುಂದಿನ ಭಾನುವಾರ ಫೈನಲ್. ಯಶವಂತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮೈಕಿಗೆ ಬಾಯಿಟ್ಟು ಹಲೋ ಮೈಕ್ ಟೆಸ್ಟಿಂಗ್ ಎಂದ. ನಾಲ್ಕು ಸ್ಪೀಕರಿನಿಂದಲೂ ಸುಯ್ಯೆಂದು ಒಂದು ಸೀಟಿ ಹೊರಟಿತು. ಸೌಂಡಿನವನು ವಯರು ಅಲುಗಾಡಿಸಿದ, ಗುಂಡಿ ತಿರುಗಿಸಿದ, ಮೈಕನ್ನೇ ಬದಲಿಸಿದ. ಯಶವಂತ ಬಾಯಿ ಮುಚ್ಚಿದರೆ ಸೀಟಿ ಇಲ್ಲ. ಬಾಯಿ ತೆರೆದು ಸರ್ವೀಸ್ ಎಂದರೆ ಸೀಟಿ, ಸೆಟ್ ಎಂದರೆ ಸೀಟಿ, ಸೂಪರ್ ಎಂದರಂತೂ ಕಿವಿ ಮುಚ್ಚಿಕೊಳ್ಳಬೇಕು. ಸಂದಿಯಿಂದ ಹೋಗುವ ಗಾಳಿಯನ್ನು ಸ್ಪೀಕರು ಮೈದಾನಕ್ಕೆಲ್ಲ ಹಂಚುತ್ತಿತ್ತು.

ಮೊದಮೊದಲು ಜನ ನಕ್ಕರು, ಅವನೂ ನಕ್ಕ. ಸೆಮಿಫೈನಲ್ಲಿನಲ್ಲಿ ನಗೆ ನಿಂತಿತು. ಭಂಡಿಗಡಿಗೂ ಬಾಳೆಹೊನ್ನೂರಿಗೂ ಬಿದ್ದಿತ್ತು. ಚೆಂಡು ಆಚೆಗೊಮ್ಮೆ ಈಚೆಗೊಮ್ಮೆ ಹಾರಾಡುತ್ತಿತ್ತು, ಯಶವಂತನಿಗೆ ಆವೇಶ ಬಂದಿತ್ತು. ಬಾಳೆಹೊನ್ನೂರಿನ ಹುಡುಗ ಹಾರಿದ, ಯಶವಂತ ಸ್ಮ್ಯಾಶ್ ಎಂದು ಕೂಗಿದ, ಸೀಟಿ ಹೊಡೆಯಿತು. ರೆಫರಿ ಪಂದ್ಯ ನಿಲ್ಲಿಸಿದರು ಎಂದುಕೊಂಡು ಭಂಡಿಗಡಿಯವರು ಆರೂ ಜನ ಕೈ ಕೆಳಗೆ ಬಿಟ್ಟು ನಿಂತರು. ಚೆಂಡು ಅವರ ನಡುವೆ ಧೊಪ್ಪೆಂದು ಬಿತ್ತು. ಪಾಯಿಂಟು ನಮ್ಮದು ಎಂದರು ಬಾಳೆಹೊನ್ನೂರಿನವರು, ವಿಸಲ್ ಆದ ಮೇಲೆ ಎಂತ ಪಾಯಿಂಟು ಎಂದರು ಭಂಡಿಗಡಿಯವರು. ರೆಫರಿ ರವಿಶಂಕರ, ಅವರು ಶಾಲೆಯ ಪೀಟಿ ಮೇಷ್ಟ್ರು, ಎತ್ತರದ ಸ್ಟೂಲಿನ ಮೇಲೆ ನಿಂತು ತಾನು ಊದಲೇ ಇಲ್ಲ ಎಂದು ಆಣೆ ಇಟ್ಟರು. ಜನ ಒಳಗೆ ನುಗ್ಗಿದರು. ಕಾಲರಿಗೆ ಕೈ ಹೋಗುವ ತನಕ ಬಂದು, ಆ ಪಾಯಿಂಟನ್ನು ಮತ್ತೆ ಆಡಿಸಿ, ಹೇಗೋ ಭಂಡಿಗಡಿ ಗೆದ್ದು ಮುಗಿಯಿತು.

ಸಂಜೆ ಸೀತಾರಾಮಯ್ಯ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೇ ಹೇಳಿದರು.

“ಬೇಜಾರು ಮಾಡ್ಕೋಬೇಡ ಮಾರಾಯ. ಫೈನಲ್ಲಿಗೆ ಹಾಡು ಹಾಕಿಸ್ತೀವಿ. ಮಾತು ಬೇಡ.”

ಯಶವಂತ ಆ ರಾತ್ರಿ ಊಟ ಬಿಟ್ಟ. ಬೆಳಗ್ಗೆ ಎದ್ದವನ ಕಣ್ಣಿಗೆ ಹಿತ್ತಲಿನ ಹಲಸಿನ ಮರ ಬಿತ್ತು. ಬಕೀಟಿನ ತೂತಿಗೆ ಮೆತ್ತುವ ಹಲಸಿನ ಮೇಣ ಹಲ್ಲಿನ ಸಂದಿಗೆ ಯಾಕಾಗಬಾರದು? ಎಳೆಗಾಯಿಗೆ ಕತ್ತಿ ತಾಗಿಸಿ, ಒಸರಿದ ಹಾಲನ್ನು ಕಡ್ಡಿಗೆ ಸುತ್ತಿ ಸಂದಿಗೆ ತುಂಬಿದ. ನಿಲ್ಲಲಿ ಎಂದು ತುಟಿ ಬಿಗಿಹಿಡಿದು ಕೂತ. ಚೆನ್ನಾಗಿಯೇ ನಿಂತಿತು. ದೇವಕಿ ಬಂದು ಕಾಫಿ ಬೇಕಾ ಎಂದರೆ ಉತ್ತರವಿಲ್ಲ, ಮುನಿಸಿಕೊಂಡಿದ್ದಾರೆ ಎಂದು ಹೋದಳು. ಮತ್ತೆ ಬಂದಾಗ ಮೂಗಿನಲ್ಲೇ ಹೂಂ ಹೂಂ ಎನ್ನುತ್ತ ಕೈ ಬಡಿಯುತ್ತಿದ್ದ. ತುಟಿಗೆ ತುಟಿ ಅಂಟಿತ್ತು. ಅವಳು ತೆಂಗಿನೆಣ್ಣೆ ಹಚ್ಚಿ ಹಚ್ಚಿ ಬಿಡಿಸುವಾಗ ನಗು ತಡೆಯಲಾರದೆ ನೆಲಕ್ಕೇ ಕೂತಳು. ಇಷ್ಟು ವರ್ಷದಲ್ಲಿ ಮನೆ ಇಷ್ಟು ತಣ್ಣಗಿದ್ದದ್ದು ಇದೇ ಮೊದಲು ಎಂದೂ ಸೇರಿಸಿದಳು. ಎಣ್ಣೆಯ ಬಾಯಲ್ಲೇ ಅವನು ಕೊಪ್ಪದ ಬಸ್ಸು ಹತ್ತಿದ.

ಕ್ಲಿನಿಕ್ಕಿನಲ್ಲಿ ಅವನು ಹೇಳಿದ ಮಾತನ್ನು ಅನಿತಾ ಇವತ್ತಿಗೂ ಮರೆತಿಲ್ಲ.

“ತಂಗಿ, ನೀನು ತೆಗೆದದ್ದನ್ನ ವಾಪಸ್ ಹಾಕಿಕೊಡು. ನಂಗೆ ನನ್ನ ಪಾಚಿ ಬೇಕು.”

ಅವಳಿಗೆ ನಗು ಬಂದರೂ ಅವನ ಮುಖ ನೋಡಿ ನುಂಗಿಕೊಂಡಳು. ಪಾಚಿ ವಾಪಸ್ ಬರುವುದಿಲ್ಲ, ಬರಬಾರದೂ ಕೂಡ. ಸಂದಿಯ ವಿಷಯ ತನ್ನ ಕೈಯಲ್ಲಿಲ್ಲ, ಅದನ್ನು ಹೇಳಬೇಕಾದವರು ಆ ಬಾಗಿಲಾಚೆ ಇದ್ದಾರೆ ಎಂದಳು. ಬೇಕಾದರೆ ತಾನೂ ಜೊತೆಗೆ ನಿಲ್ಲುತ್ತೇನೆ ಎಂದಳು. ಮೈಕಿಲ್ಲದೆ ಇರುವುದಕ್ಕಿಂತ ಇದೇ ವಾಸಿ ಎಂದು ಕೊನೆಗೆ ಯಶವಂತ ತಾನೇ ಹೋಗಿ ಬಾಗಿಲು ತಟ್ಟಿದ. ಒಳಗಿದ್ದ ಡಾಕ್ಟರ್ ಶಶಿಕಿರಣ ನೋಡಿದರೆ ಹುಡುಗ, ತಾನೂ ಮೈದಾನದಲ್ಲಿ ಕೂತು ಯಶವಂತನ ಮಾತು ಕೇಳಿ ಬೆಳೆದವನು. ಹಲ್ಲನ್ನು ಬೆರಳಲ್ಲಿ ಒತ್ತಿ ನೋಡಿ, ಕೀಳುವ ಅಗತ್ಯವೇ ಇಲ್ಲ, ಕ್ಲೀನಾಗಿದೆ, ವಸಡು ಬಿಗಿಯಾದರೆ ಇದು ಇನ್ನೂ ವರ್ಷಗಟ್ಟಲೆ ಇರುತ್ತದೆ ಎಂದ. ಸಂದಿ ಮುಚ್ಚುವುದಾದರೂ ವಸಡು ಮಾಯ್ದ ಮೇಲೇ. ಈ ಭಾನುವಾರಕ್ಕೆ ಆಗುವುದಿಲ್ಲ.

ಹಲ್ಲು ಉಳಿಯಿತು! ಯಶವಂತ ಮೆಟ್ಟಿಲನ್ನು ಹಾರಿ ಹಾರಿ ಇಳಿದ. ಕೆಳಗೆ ಬಂದ ಮೇಲೆ ಮೈಕು ಉಳಿಯಲಿಲ್ಲವಲ್ಲ ಎಂಬುದು ನೆನಪಾಗಿ ಅಲ್ಲೇ ನಿಂತ.

ಉಪಾಯ ಹೊಳೆದದ್ದು ಅಂಗಡಿಯಲ್ಲಿ. ಔಷಧಿ ಪಂಪಿನ ಎಂಜಿನ್ನು ಗರ್ರೆನ್ನುತ್ತಿತ್ತು, ಪಂಪಿನ ಯಜಮಾನ ಏನೋ ಕೇಳುತ್ತಿದ್ದ, ಒಬ್ಬರ ಮಾತು ಒಬ್ಬರಿಗೆ ಕೇಳದೆ ಇಬ್ಬರೂ ಕೈಸನ್ನೆಯಲ್ಲೇ ವ್ಯವಹಾರ ಮುಗಿಸಿದರು. ಯಶವಂತ ಕೈಯಲ್ಲಿದ್ದ ಸ್ಪ್ಯಾನರ್ ಬಿಸಾಡಿ ಹೆಗಲ ಟವೆಲ್ಲಿನಲ್ಲಿ ಗ್ರೀಸು ಒರೆಸುತ್ತ ಓಡಿದ. ರವಿಶಂಕರ ಮೇಷ್ಟ್ರ ಮನೆಯ ಅಂಗಳದಲ್ಲಿ ನಿಂತು, ಮೇಷ್ಟ್ರೇ, ವಿಸಲ್ ಜೇಬಲ್ಲಿಡಿ, ಕೈಯಲ್ಲಿ ಕೆಂಪು ಬಾವುಟ ಹಿಡೀರಿ ಎಂದ. ಬಾವುಟ ಮೇಲೆದ್ದರೆ ಆಟ ನಿಂತಿತು, ಏಳದಿದ್ದರೆ ಆಕಾಶ ಬಿದ್ದರೂ ಆಟ ನಡೆಯಬೇಕು. ಮೇಷ್ಟ್ರು ನಿಯಮ ಬಲ್ಲವರು, ತಲೆ ಕೆರೆದುಕೊಂಡರು. ಎರಡೂ ತಂಡ ಒಪ್ಪಿದರೆ ನೋಡೋಣ ಎಂದರು.

ಭಂಡಿಗಡಿಯವರು ಮೊದಲಿಗೆ ಮುಖ ತಿರುಗಿಸಿದರು, ಅವನಿಂದ ಒಂದು ಪಾಯಿಂಟಿಗೆ ಜಗಳವಾಡಿದವರಲ್ಲವೇ. ಅವನು ಅವರ ಪ್ರಾಕ್ಟೀಸಿನ ಗದ್ದೆ ಬದಿಯಲ್ಲಿ ಬಾಡಿಗೆ ಮೈಕು ಹಚ್ಚಿ ಕೂತ. ಸಂಜೆಯಿಡೀ ಸ್ಮ್ಯಾಶ್, ಸರ್ವೀಸ್ ಎಂದು ಸೀಟಿ ಹೊಡೆದ. ಮೊದಲು ಪ್ರತಿ ಸಲವೂ ನಿಂತರು, ಬೈದರು, ಆಮೇಲೆ ನಿಲ್ಲುವುದು ಕಡಿಮೆಯಾಯಿತು. ಮರುದಿನ ಅದೇ ಮೈಕನ್ನು ಹೊತ್ತು ನರಸಿಂಹರಾಜಪುರಕ್ಕೆ ಹೋದ. ಫೈನಲ್ಲಿಗೆ ಬಂದ ಇನ್ನೊಂದು ತಂಡ ಅದು. ಅಲ್ಲಿನ ಕ್ಯಾಪ್ಟನ್ ಆಟಗಾರರಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಗೇಲಿ ಮಾಡಿದ. ಆದರೆ ಯಶವಂತ ಅವರ ಒಬ್ಬೊಬ್ಬರಿಗೂ ಹೆಸರಿಟ್ಟು, ಅವರ ಆಟವನ್ನು ಅವರಿಗೇ ವರ್ಣಿಸಲು ಶುರು ಮಾಡಿದ ಮೇಲೆ ಕತ್ತಲಾದರೂ ಅವರು ನೆಟ್ಟು ಬಿಚ್ಚಲಿಲ್ಲ. ಎರಡು ತಂಡದವರೂ ಸೀತಾರಾಮಯ್ಯನವರಿಗೆ ಫೋನು ಮಾಡಿದರು. ಅವರು ಒಂದೇ ಷರತ್ತು ಹಾಕಿದರು: ಸೀಟಿಗೆ ಒಬ್ಬ ಆಟಗಾರ ನಿಂತರೂ ಅಲ್ಲಿಗೆ ಮೈಕು ಬಂದ್.

ಫೈನಲ್ಲಿನ ಮಧ್ಯಾಹ್ನ ಕೊಪ್ಪದ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ದೇವಕಿ, ಅವಳ ಪಕ್ಕ ಅನಿತಾ. ಯಶವಂತನ ಕೆನ್ನೆಯಲ್ಲಿ ಕವಳವಿಲ್ಲ, ಮಾತು ಬರುತ್ತದೋ ಇಲ್ಲವೋ ಎಂಬ ದಿಗಿಲು. ಮೊದಲ ಸರ್ವೀಸಿಗೆ ಬಾಯಿ ತೆರೆದ. ಬಂತು! ಮಾತೂ ಬಂತು, ಸೀಟಿಯೂ ಬಂತು. ಜನ ಹೋ ಎಂದರು, ಆಟ ನಡೆಯಿತು. ಮೇಷ್ಟ್ರ ಕೆಂಪು ಬಾವುಟ ಏಳುತ್ತಿತ್ತು, ಇಳಿಯುತ್ತಿತ್ತು. ಮೊದಲ ಸೆಟ್ ಭಂಡಿಗಡಿಗೆ, ಎರಡನೆಯದು ನರಸಿಂಹರಾಜಪುರಕ್ಕೆ. ಸೀತಾರಾಮಯ್ಯ ಮೈಕಿನ ಸ್ವಿಚ್ಚಿನ ಹತ್ತಿರವೇ ಕುರ್ಚಿ ಹಾಕಿಸಿಕೊಂಡು, ಚೆಂಡು ನೋಡದೆ ಆಟಗಾರರ ಕಾಲನ್ನೇ ನೋಡುತ್ತಿದ್ದರು.

ಮೂರನೆಯ ಸೆಟ್ಟಿನಲ್ಲಿ ಸಮ ಸಮವಾಗಿ ಬಂದು, ಕೊನೆಗೆ ಭಂಡಿಗಡಿಗೆ ಇನ್ನೊಂದೇ ಪಾಯಿಂಟು ಬೇಕಿತ್ತು. ಜನ ಎದ್ದು ನಿಂತಿದ್ದರು. ಚೆಂಡು ನೆಲ ಮುಟ್ಟಲಿಲ್ಲ, ಎತ್ತಿದರು, ಬಿದ್ದು ಎತ್ತಿದರು, ಮೇಜಿನ ಕಾಲಿನವರೆಗೂ ಓಡಿ ಬಂದು ಎತ್ತಿದರು. ಯಶವಂತನಿಗೆ ಷರತ್ತೂ ಇಲ್ಲ, ಹಲ್ಲೂ ಇಲ್ಲ, ಸಂದಿಯೂ ಇಲ್ಲ, ಎಲ್ಲ ಮರೆತುಹೋಗಿತ್ತು. ಭಂಡಿಗಡಿಯ ದೋಟಿ ಹಾರಿದ. ಯಶವಂತ ಮೈಕನ್ನು ಬಾಯೊಳಗೇ ಇಟ್ಟುಕೊಂಡವನಂತೆ ಸ್ಮ್ಯಾಶ್ ಎಂದು ಕೂಗಿದ. ಅಂಥ ಸೀಟಿಯನ್ನು ಆ ಊರು ಕೇಳಿರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸೇ ನಿಂತಿತು.

ಮೈದಾನದಲ್ಲಿ ಒಬ್ಬನೂ ನಿಲ್ಲಲಿಲ್ಲ. ನರಸಿಂಹರಾಜಪುರದವರು ಆರೂ ಜನ ಚೆಂಡಿಗೆ ಬಿದ್ದರು, ಮಣ್ಣಿನಲ್ಲಿ ಜಾರಿದರು, ಅವರ ಕ್ಯಾಪ್ಟನ್ನಿನ ಬೆರಳ ತುದಿಗೆ ತಾಗಿ ಚೆಂಡು ಗೆರೆಯೊಳಗೇ ಸತ್ತಿತು. ಆಮೇಲೆ ಕೆಂಪು ಬಾವುಟ ಎದ್ದಿತು.

ಸೋತವರು ತಕರಾರು ಎತ್ತಲಿಲ್ಲ. ವಿಸಲ್ ಆಯಿತು ಎನ್ನಬಹುದಿತ್ತು, ಮತ್ತೆ ಆಡಿಸಿ ಎನ್ನಬಹುದಿತ್ತು. ಕ್ಯಾಪ್ಟನ್ ಮೊಣಕೈ ಮಣ್ಣು ಕೊಡವಿಕೊಂಡು ಎದ್ದು, ಗೆದ್ದವರ ಕೈ ಕುಲುಕಿ, ಮೇಜಿನ ಕಡೆ ತಿರುಗಿ ಯಶವಂತನಿಗೂ ಕೈಯೆತ್ತಿದ. ಯಶವಂತನಿಗೆ ಅಳು ಉಕ್ಕಿ ಬಂತು. ಮೈಕು ಕೈಯಲ್ಲೇ ಇತ್ತು, ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಅವನು ಬಿಕ್ಕಿದ್ದು ನಾಲ್ಕು ಸ್ಪೀಕರಿನಲ್ಲೂ ಕೇಳಿ ಇಡೀ ಮೈದಾನ ಅವನ ಕಡೆ ತಿರುಗಿತು.

ಸೀತಾರಾಮಯ್ಯ ಸ್ವಿಚ್ಚಿನಿಂದ ಕೈ ತೆಗೆದು ಅವನ ಬೆನ್ನ ಮೇಲಿಟ್ಟರು.

“ಸ್ಕೋರ್ ಹೇಳು ಮಾರಾಯ,” ಎಂದರು. “ನೀನು ಹೇಳದೆ ಜನ ಹೆಂಗೆ ಮನೆಗೆ ಹೋಗ್ತಾರೆ?”